ಸ್ತನ ತೆಗೆದರೂ ತೊಟ್ಟು ಉಳಿಸಬಹುದಾ? ಅಕ್ಕನ ಪರವಾಗಿ ಒಂದು ಪ್ರಶ್ನೆ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮ ಅಕ್ಕನಿಗೆ 43 ವರ್ಷ. ಎಡ ಸ್ತನದಲ್ಲಿ ಎರಡು ಕಡೆ ಗಂಟು, ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂದಿದೆ. ಪೂರ್ತಿ ತೆಗೆಯಬೇಕಂತೆ. ಗಂಟು ತೊಟ್ಟಿನಿಂದ 3 ಸೆಂ.ಮೀ. ದೂರ ಇದೆ, ತೊಟ್ಟು ಉಳಿಸಲು ನೋಡೋಣ ಅಂದಿದ್ದಾರೆ ಸರ್ಜನ್. ಮನೆಯಲ್ಲಿ ಎಲ್ಲರೂ ‘ಜೀವ ಉಳಿದರೆ ಸಾಕು, ಅದೆಲ್ಲ ಯಾಕೆ’ ಅನ್ನುತ್ತಾರೆ. ಅಕ್ಕ ಮಾತೇ ಆಡುತ್ತಿಲ್ಲ. ತೊಟ್ಟು ಬಿಟ್ಟರೆ ಕ್ಯಾನ್ಸರ್ ಅಲ್ಲೇ ಉಳಿಯುತ್ತದಾ?

ಉತ್ತರ: ಮೊದಲು ಅಕ್ಕನನ್ನು ಒಬ್ಬರನ್ನೇ ಕೂರಿಸಿಕೊಂಡು, ಅವರಿಗೆ ಏನು ಬೇಕು ಅಂತ ಕೇಳಿಯಮ್ಮ. ನಾಳೆ ಸ್ನಾನದ ಮನೆಯಲ್ಲಿ ತಮ್ಮ ಮೈ ನೋಡಿಕೊಳ್ಳುವವರು ಅವರು. ತೊಟ್ಟು ಬೇಕು ಅನ್ನಿಸುವುದು ಶೋಕಿ ಅಲ್ಲ.

ನಿಮ್ಮ ಭಯವೂ ಸುಮ್ನೆ ಅಲ್ಲ. ಹಾಲಿನ ನಾಳಗಳೆಲ್ಲ ತೊಟ್ಟಿಗೇ ಬಂದು ಸೇರುತ್ತವೆ. ಅದಕ್ಕೇ ಒಳಗಿನ ಗ್ರಂಥಿಯನ್ನೆಲ್ಲ ತೆಗೆಯುವಾಗ, ತೊಟ್ಟಿನ ಅಡಿಯ ಚೂರನ್ನು ಬೇರೆಯಾಗಿ ಕತ್ತರಿಸಿ ಪರೀಕ್ಷೆಗೆ ಕಳಿಸುತ್ತೇವೆ. ಕೆಲವು ಕಡೆ ಥಿಯೇಟರಿನಲ್ಲಿರುವಾಗಲೇ ಮೊದಲ ರಿಪೋರ್ಟ್ ಬರುತ್ತದೆ, ಕೊನೆಯದಕ್ಕೆ ಕೆಲವು ದಿನ ಬೇಕು. ಅದರಲ್ಲಿ ಕ್ಯಾನ್ಸರ್ ಕಂಡರೆ ತೊಟ್ಟನ್ನು ತೆಗೆಯಲೇಬೇಕಾಗಬಹುದು. ಈ ಮಾತು ಅಕ್ಕನಿಗೆ ಮೊದಲೇ ಗೊತ್ತಿರಲಿ.

ತೊಟ್ಟಿಗೇ ಕ್ಯಾನ್ಸರ್ ಬಂದಿದ್ದರೆ, ತೊಟ್ಟಿನಿಂದ ರಕ್ತ ಸೋರುತ್ತಿದ್ದರೆ, ಸ್ತನವೆಲ್ಲ ಕೆಂಪಾಗಿ ಊದುವ ಬಗೆಯ ಕ್ಯಾನ್ಸರ್ ಇದ್ದರೆ ಉಳಿಸುವುದಿಲ್ಲ. ಮೊದಲೆಲ್ಲ ಗಂಟು 2 ಸೆಂ.ಮೀ. ಆದರೂ ದೂರ ಇರಲಿ ಅನ್ನುತ್ತಿದ್ದೆವು. ಈಗ ಸ್ಕ್ಯಾನ್‌ನಲ್ಲಿ ತೊಟ್ಟು ಚೆನ್ನಾಗಿ ಕಂಡರೆ 1 ಸೆಂ.ಮೀ. ಇದ್ದರೂ ಒಪ್ಪುವವರು ಜಾಸ್ತಿ. ಸರಿಯಾಗಿ ನೋಡಿ ಆರಿಸಿದವರಲ್ಲಿ ತೊಟ್ಟಿನಲ್ಲೇ ಕ್ಯಾನ್ಸರ್ ಮರಳಿ ಬರುವುದು ಅಪರೂಪ.

ನನಗೆ ಹೆಚ್ಚು ಚಿಂತೆ ರಕ್ತದ್ದು. ತೊಟ್ಟಿಗೆ ರಕ್ತ ಒಳಗಿನ ಗ್ರಂಥಿಯಿಂದಲೂ ಬರುತ್ತದೆ, ಸುತ್ತಲಿನ ಚರ್ಮದಿಂದಲೂ ಬರುತ್ತದೆ. ಗ್ರಂಥಿ ಹೋದ ಮೇಲೆ ಚರ್ಮದ ಸಣ್ಣ ರಕ್ತನಾಳಗಳೇ ಗತಿ. ತೊಟ್ಟಿನ ಸುತ್ತ ಕೊಯ್ದರೆ ಆ ದಾರಿಯೂ ಕಡಿಯುತ್ತದೆ. ಹಾಗಾಗಿ ಸ್ತನದ ಕೆಳಗಿನ ಮಡಿಕೆಯಲ್ಲೋ, ಕಂಕುಳಿನ ಕಡೆಯ ಪಕ್ಕದಲ್ಲೋ ಕೊಯ್ಯುವುದು ನನಗೆ ಇಷ್ಟ. ಚರ್ಮವನ್ನು ತೀರಾ ತೆಳ್ಳಗೆ ಬಿಡಿಸಿದರೆ ಅದು ಸಾಯುತ್ತದೆ, ದಪ್ಪ ಬಿಟ್ಟರೆ ಗ್ರಂಥಿ ಉಳಿಯುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ಬೀಡಿ, ಸಿಗರೇಟು ಇದ್ದರೆ ಇವತ್ತೇ ನಿಲ್ಲಿಸಬೇಕು. ಸರ್ಜನ್‌ರನ್ನು ಕೇಳಿ: ಎಲ್ಲಿ ಕೊಯ್ಯುತ್ತೀರಿ, ಯಾಕೆ?

ಇನ್ನೊಂದು. ತೊಟ್ಟು ಕಣ್ಣಿಗೆ ಉಳಿಯುತ್ತದೆ, ಸ್ಪರ್ಶ ಬಹುಪಾಲು ಹೋಗುತ್ತದೆ. ಇದನ್ನು ಹೇಳದೆ ಯಾರನ್ನೂ ಥಿಯೇಟರಿಗೆ ಕರೆದುಕೊಂಡು ಹೋಗಬಾರದು.

ಇನ್ನೊಬ್ಬರ ಪ್ರಶ್ನೆ: ಮೇಡಂ, ನನಗೆ ಬಿಆರ್‌ಸಿಎ1 (ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚಿಸುವ ಜೀನ್ ದೋಷ) ಇದೆ, ಕ್ಯಾನ್ಸರ್ ಇನ್ನೂ ಬಂದಿಲ್ಲ. ಸ್ತನ ದೊಡ್ಡದು, ಜೋತಿದೆ. ಮುನ್ನೆಚ್ಚರಿಕೆಗೆ ಸ್ತನ ತೆಗೆಸುವಾಗ ತೊಟ್ಟು ಉಳಿಸಲು ಆಗಲ್ಲ ಅಂದರು.

ಉತ್ತರ: ಒಂದೇ ಸಲಕ್ಕೆ ಕಷ್ಟ, ನಿಜ. ಆದರೆ ನಿಮಗೆ ಸಮಯ ಇದೆ ಅಲ್ವಾ? ಮೊದಲು ಸ್ತನ ಚಿಕ್ಕದು ಮಾಡಿ ತೊಟ್ಟನ್ನು ಮೇಲಕ್ಕೆ ತರಬಹುದು. ಅದು ಮಾಯ್ದು ಕೆಲವು ತಿಂಗಳಾದ ಮೇಲೆ ಸ್ತನ ತೆಗೆಯುವ ದೊಡ್ಡ ಆಪರೇಷನ್. ಇನ್ನೊಂದು ದಾರಿಯೂ ಇದೆ. ಒಂದೆರಡು ವಾರ ಮೊದಲೇ ತೊಟ್ಟನ್ನೂ ಅದರ ಸುತ್ತಲಿನ ಚರ್ಮವನ್ನೂ ಅಡಿಯ ಗ್ರಂಥಿಯಿಂದ ಬಿಡಿಸಿ ಹೊಲಿದುಬಿಡುತ್ತೇವೆ. ಅಷ್ಟರಲ್ಲಿ ತೊಟ್ಟು ಸುತ್ತಲಿನ ಚರ್ಮದ ರಕ್ತದಲ್ಲೇ ಬದುಕುವುದನ್ನು ಕಲಿಯುತ್ತದೆ. ಅಡಿಯ ಚೂರಿನ ಪರೀಕ್ಷೆಯೂ ಆಗಲೇ ಮುಗಿಯುತ್ತದೆ. ಹಾಲಿವುಡ್ ನಟಿ ಏಂಜಲೀನಾ ಜೋಲಿಗೂ ಬಿಆರ್‌ಸಿಎ1 ಇತ್ತು. ಅವರು 2013ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದದ್ದು ಇದನ್ನೇ. ಫೆಬ್ರವರಿ 2ರಂದು ಈ ತಯಾರಿ, ಎರಡು ವಾರಕ್ಕೆ ದೊಡ್ಡ ಆಪರೇಷನ್, ಒಂಬತ್ತು ವಾರದ ನಂತರ ಇಂಪ್ಲಾಂಟ್, ಅಂದರೆ ಸ್ತನದ ಆಕಾರಕ್ಕೆ ಒಳಗೆ ಇಡುವ ಕೃತಕ ಚೀಲ.

ಮೊದಲು ಕೇಳಿದವರಿಂದ: ಡಾಕ್ಟ್ರೇ, ಅಕ್ಕ ಬಾಯಿ ಬಿಟ್ಟು ‘ನನಗೆ ಬೇಕು’ ಅಂದಳು. ಆಪರೇಷನ್ ಆಗಿ 4 ದಿನ. ಇವತ್ತು ಡ್ರೆಸ್ಸಿಂಗ್ ಬಿಚ್ಚಿದಾಗ ತೊಟ್ಟು ನೇರಳೆ ಹಣ್ಣಿನ ಬಣ್ಣ ಇತ್ತು. ಅಮ್ಮ ಬಿಸಿನೀರಿನ ಶಾಖ ಕೊಡೋಣ ಅನ್ನುತ್ತಿದ್ದಾರೆ.

ಉತ್ತರ: ಶಾಖ ಬೇಡವೇ ಬೇಡ! ಅಲ್ಲಿ ಸ್ಪರ್ಶ ಇಲ್ಲ, ಸುಟ್ಟರೂ ಅಕ್ಕನಿಗೆ ಗೊತ್ತಾಗುವುದಿಲ್ಲ. ಮೊದಲ ದಿನಗಳಲ್ಲಿ ಈ ಬಣ್ಣ ತುಂಬಾ ಜನರಿಗೆ ಬರುತ್ತದೆ, ಎಷ್ಟೋ ಸಲ ಮೇಲಿನ ಪದರ ಸುಲಿದು ಕೆಳಗೆ ಹೊಸ ಚರ್ಮ ಬರುತ್ತದೆ. ಆದರೂ ಇವತ್ತೇ ಸರ್ಜನ್‌ಗೆ ಫೋನ್ ಮಾಡಿ ತೋರಿಸಿ. ಪೂರ್ತಿ ಕಪ್ಪಾದರೆ, ಕೀವು ಬಂದರೆ, ಜ್ವರ ಬಂದರೆ ರಾತ್ರಿಯಾದರೂ ಹೊರಡಿ. ಬಿಗಿ ಬ್ರಾ ಹಾಕಬೇಡಿ. ಆ ಕಡೆ ಮಗ್ಗುಲಾಗಿ ಮಲಗದಂತೆ ನೋಡಿಕೊಳ್ಳಿ.