ಕೆಂಪು ಮಾತ್ರೆ ಯಾಕೆ ಉಳಿಯುತ್ತೆ

ಎಲ್ರಿಗೂ ನಮಸ್ಕಾರ. ಬೆಳಿಗ್ಗೆ ನಮ್ಮ ಆರೋಗ್ಯ ಕಾರ್ಯಕರ್ತೆಯರ ಗ್ರೂಪಲ್ಲಿ ಒಬ್ಬರು ಮೇಡಂ ಹಾಕಿದ್ರಲ್ಲ, ಗರ್ಭಿಣಿಯರು ಕಬ್ಬಿಣದ ಕೆಂಪು ಮಾತ್ರೆ ಇಸ್ಕೊಂಡು ಹೋಗಿ ಮೂಲೆಗೆ ಎಸೀತಾರೆ, ಮಗೂ ಮೇಲೆ ಕಾಳಜಿನೇ ಇಲ್ಲ ಅಂತ. ಅದನ್ನ ನಾನು ಒಪ್ಪಲ್ಲ. ಕಾಳಜಿ ಇರೋದಕ್ಕೇ ಎಷ್ಟೋ ಜನ ನಿಲ್ಲಿಸೋದು. ನುಂಗೋಕೆ ಶುರು ಮಾಡಿದ ಮೇಲೆ ಮಲ ಕಪ್ಪಗೆ ಹೋಗುತ್ತೆ, ವಾಕರಿಕೆ, ಮಲಬದ್ಧತೆ. ಇದು ಆಗೋದೇ, ಹೆದರಬೇಡಿ ಅಂತ ನಾವು ಮೊದಲೇ ಹೇಳಿರಲ್ಲ. ಮನೇಲಿ ಅತ್ತೆ "ಮಗು ಕಪ್ಪಾಗುತ್ತೆ, ದಪ್ಪ ಬೆಳೆದು ಹೆರಿಗೆ ಕಷ್ಟ ಆಗುತ್ತೆ" ಅಂತ ಸುಳ್ಳು ಭಯ ಹುಟ್ಟಿಸಿದ್ರೆ ಮುಗೀತು.

ಇನ್ನೊಂದು, ಕಬ್ಬಿಣ, ಕ್ಯಾಲ್ಸಿಯಂ ಎರಡೂ ಒಂದೇ ಕವರಿಗೆ ಹಾಕಿ "ದಿನಾ ತಗೊಳ್ಳಿ" ಅಂತ ಕಳಿಸ್ತೀವಿ. ಅವರು ಎರಡನ್ನೂ ಒಟ್ಟಿಗೆ ನುಂಗಿ ಮೇಲೆ ಕಾಫಿ ಕುಡೀತಾರೆ. ಕ್ಯಾಲ್ಸಿಯಂ, ಕಾಫಿ, ಟೀ ಯಾವುದೂ ಕಬ್ಬಿಣವನ್ನ ಸರಿಯಾಗಿ ಮೈಗೆ ಹತ್ತೋಕೆ ಬಿಡಲ್ಲ. ರಕ್ತದಲ್ಲಿ ಹಿಮೋಗ್ಲೋಬಿನ್ ಏರಿಲ್ಲ ಅಂತ "ಸುಳ್ಳು ಹೇಳ್ತಾಳೆ" ಅಂತೀವಿ. ನುಂಗಿರ್ತಾಳೆ ಪಾಪ!

ಹೀಗೆ ಹೇಳಿ ನೋಡಿ. ಕ್ಯಾಲ್ಸಿಯಂ 500 ಮಿಲಿಗ್ರಾಂದು ತಿಂಡಿ ಜೊತೆ ಒಂದು, ಮಧ್ಯಾಹ್ನದ ಊಟದ ಜೊತೆ ಒಂದು. 60 ಮಿಲಿಗ್ರಾಂ ಕೆಂಪು ಮಾತ್ರೆ ರಾತ್ರಿ ಊಟ ಆಗಿ ಒಂದು ಗಂಟೆ ಬಿಟ್ಟು, ಮಲಗೋ ಮುಂಚೆ. ವಾಕರಿಕೆ ನಿದ್ದೇಲಿ ಕಳೆಯುತ್ತೆ. ನಿಂಬೆಹಣ್ಣಿನ ನೀರಲ್ಲಿ ನುಂಗಿದ್ರೆ ಇನ್ನೂ ಒಳ್ಳೇದು. ಹಿಮೋಗ್ಲೋಬಿನ್ 7ರಿಂದ 10.9 ಗ್ರಾಂ ಇದ್ದು ಡಾಕ್ಟ್ರು ದಿನಕ್ಕೆ ಎರಡು ಕೆಂಪು ಮಾತ್ರೆ ಬರೆದಿದ್ರೆ, ಇನ್ನೊಂದು ಬೆಳಿಗ್ಗೆ 11ರ ಹೊತ್ತಿಗೆ. ಕ್ಯಾಲ್ಸಿಯಂಗೂ ಕೆಂಪು ಮಾತ್ರೆಗೂ ಎರಡು ಗಂಟೆ ಅಂತರ ಇರಲೇಬೇಕು. ಮಲಬದ್ಧತೆಗೆ ಸೊಪ್ಪು, ಸೀಬೆಹಣ್ಣು, ಜಾಸ್ತಿ ನೀರು.

"ಮಾತ್ರೆ ತಗೋತಿದೀರಾ?" ಅಂದ್ರೆ ಬೈಸ್ಕೊಳ್ಳೋ ಭಯಕ್ಕೆ ಎಲ್ರೂ ಹೂಂ ಅಂತಾರೆ. "ದಿನಾ ನುಂಗೋದು ಯಾರಿಗಾದ್ರೂ ಕಷ್ಟನೇ ಕಣಮ್ಮ, ಶೀಟು ತಗೊಂಬಾ, ಎಷ್ಟು ಉಳಿದಿದೆ ನೋಡೋಣ" ಅನ್ನಿ. ಉಳಿದಿದ್ರೆ ಯಾವತ್ತು ನಿಲ್ಲಿಸಿದ್ರು, ಅವತ್ತು ಏನಾಯ್ತು ಅಂತ ಕೇಳಿ. ಅತ್ತೆ ಪಕ್ಕದಲ್ಲಿದ್ರೆ ಅವರನ್ನೂ ಕೂರಿಸ್ಕೊಂಡೇ ಮಾತಾಡಿ.

ಸೀಮಂತ ಮುಗಿಸಿ ತವರಿಗೆ ಹೋದಾಗಲೂ ಮಾತ್ರೆ ನಿಲ್ಲುತ್ತೆ, ಯಾಕಂದ್ರೆ ಅಲ್ಲಿಯ ಆಶಾ ಕಾರ್ಯಕರ್ತೆ ಲಿಸ್ಟಲ್ಲಿ ಇವರ ಹೆಸರೇ ಇರಲ್ಲ. ಹೊರಡೋ ಮುಂಚೆ ಹೆರಿಗೆ ತನಕ ಆಗೋಷ್ಟು ಕೊಟ್ಟು, ತಾಯಿ ಕಾರ್ಡಲ್ಲಿ ಬರೆದು, ಆ ಊರಿನ ಆಶಾಗೆ ಒಂದು ಫೋನ್ ಮಾಡಿ.

ಇಷ್ಟೆಲ್ಲ ಸರಿಯಾಗಿದ್ದೂ ತಿಂಗಳಲ್ಲಿ ಹಿಮೋಗ್ಲೋಬಿನ್ 1 ಗ್ರಾಂ ಕೂಡ ಏರದಿದ್ರೆ ಅವರನ್ನ ಬೈಬೇಡಿ, ದೊಡ್ಡಾಸ್ಪತ್ರೆಗೆ ಕಳಿಸಿ. ಜಂತುಹುಳ, ಬಿ12 ಕೊರತೆ, ಥಲಸ್ಸೀಮಿಯಾ (ಹುಟ್ಟಿನಿಂದ ಬರೋ ರಕ್ತದ ಕಾಯಿಲೆ) ಏನು ಬೇಕಾದ್ರೂ ಇರಬಹುದು. ಚಾಮರಾಜನಗರ, ಹೆಗ್ಗಡದೇವನಕೋಟೆ ಕಡೆ ಆದಿವಾಸಿ ಹಾಡಿಗಳಲ್ಲಿ ಕೆಲಸ ಮಾಡೋರು ಸಿಕಲ್ ಸೆಲ್ (ಇದೂ ಹುಟ್ಟಿನಿಂದ ಬರೋ ರಕ್ತದ ಕಾಯಿಲೆ) ಪರೀಕ್ಷೆ ಆಗಿದೆಯಾ ನೋಡಿ. ಹಿಮೋಗ್ಲೋಬಿನ್ 7ಕ್ಕಿಂತ ಕಡಿಮೆ ಇದ್ರೆ ತಿಂಗಳು ಕಾಯಬೇಡಿ, ಅವತ್ತೇ ಕಳಿಸಿ.