ನೈಟ್ ಡ್ಯೂಟಿ: ಸಂಬಳವೂ ಕಮ್ಮಿ, ನಿದ್ದೆಯೂ ಕಮ್ಮಿ

ಪ್ರಶ್ನೆ (ಶಿರಸಿ): 30 ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ನಾನು. ರಾತ್ರಿ ಇಡೀ ವಾರ್ಡಿಗೆ ಒಬ್ಬಳೇ. ಇಲ್ಲಿ ಡ್ರಿಪ್ ಬದಲಿಸ್ತಿದ್ರೆ ಆಚೆ ಬೆಡ್ಡಿನ ಕಡೆಯವರು ಕೈ ಎತ್ತಿಕೊಂಡೇ ಬರ್ತಾರೆ. ಸಂಬಳ ಕೇಳಿದ್ರೆ 'ಬೇಡದಿದ್ರೆ ಬಿಡು' ಅಂತಾರೆ. ಬೆಳಿಗ್ಗೆ ಮನೆಗೆ ಬಂದ್ರೂ ನಿದ್ದೆ ಹತ್ತೋದಿಲ್ಲ.

ಕಾರವಾರದ ನಿವೃತ್ತ ಸಿಸ್ಟರ್: ತಂಗಿ, ಸುಪ್ರೀಂ ಕೋರ್ಟ್ ಸೂಚನೆಯಂತೆ ರಚನೆಯಾದ ಕೇಂದ್ರದ ಸಮಿತಿ 2016ರಲ್ಲೇ ಸಣ್ಣ ಆಸ್ಪತ್ರೆಗೂ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಅಂದಿದೆ. ಬರೀ ಶಿಫಾರಸು, ಆದ್ರೂ ಅರ್ಜಿಯಲ್ಲಿ ಬರಿ. ಒಬ್ಬಳೇ ಹೋಗ್ಬೇಡ, ನಾಲ್ಕು ಜನ ಸಹಿ ಹಾಕಿ, ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಕೈ ಎತ್ತುವವರಿಗೆ ರಾಜ್ಯದ 2009ರ ಕಾಯ್ದೆ ಇದೆ, ಅದರಲ್ಲಿ ನರ್ಸ್‌ಗಳೂ ಸೇರಿದ್ದಾರೆ.

ಕುಮಟಾದವಳು: ನಿದ್ದೆಗೆ ಅಪ್ಪೆಹುಳಿ (ಮಾವಿನಕಾಯಿಯ ತೆಳು ಸಾರು) ಕುಡಿ ಮಾರಾಯ್ತಿ! ಡ್ಯೂಟಿಗೆ ಮುಂಚೆ ಮಾತ್ರ ಬೇಡ. ಕಿಟಕಿಗೆ ದಪ್ಪ ಬಟ್ಟೆ ಕಟ್ಟು, ಫೋನು ಅಡುಗೆಮನೇಲಿ ಇಡು.

ಕೇಳಿದವಳು: ಸಹಿಗೆ ಇಬ್ಬರು ಒಪ್ಪಿದಾರೆ ಅಕ್ಕ.