ಪದ ಬೇಕು, ನಾಳೆ ಬೆಳಗ್ಗೆಯೊಳಗೆ: 'ಪ್ರಾಬಬಲ್ ಪ್ರೈಮ್'

ಕುಂಬಳೆಯಿಂದ:
ಎಲ್ಲರಿಗೂ ನಮಸ್ಕಾರ. ನಾಡಿದ್ದು ನಮ್ಮ ಶಾಲೆಯಲ್ಲಿ ಗಣಿತ ಮೇಳ. ಬೋರ್ಡ್ ಬರೆಯುವವರು ನಾಳೆ ಬೆಳಗ್ಗೆ ಬರುತ್ತಾರೆ. 2024ರಲ್ಲಿ ಸಿಕ್ಕ ದೊಡ್ಡ ಅವಿಭಾಜ್ಯ ಸಂಖ್ಯೆಯ (ಪ್ರೈಮ್, ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ್ದು) ಬಗ್ಗೆ ಒಂದು ಬೋರ್ಡ್ ಇದೆ. 13,62,79,841 ಎರಡುಗಳನ್ನು ಗುಣಿಸಿ, ಬಂದದ್ದರಲ್ಲಿ 1 ಕಳೆದರೆ ಆ ಸಂಖ್ಯೆ. 4,10,24,320 ಅಂಕಿ ಉದ್ದ! ಅಕ್ಟೋಬರ್ 11ಕ್ಕೆ ಡಬ್ಲಿನ್ನಿನ ಒಂದು ಯಂತ್ರ 'ಇದು ಅವಿಭಾಜ್ಯ ಇರಬಹುದು' ಎಂದಿತು. ಮರುದಿನ ಅಮೆರಿಕದ ಸ್ಯಾನ್ ಆಂಟೋನಿಯೋದಲ್ಲಿ, ಇಂಥ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ಖಚಿತವಾಗಿ ಹೇಳುವ ಲ್ಯೂಕಾಸ್-ಲೆಹ್ಮರ್ ಪರೀಕ್ಷೆ ಮುಗಿದು ಖಚಿತವಾಯಿತು. ನಡುವಿನ ಆ ಒಂದು ದಿನ ಅದು ಇಂಗ್ಲಿಷಿನಲ್ಲಿ 'ಪ್ರಾಬಬಲ್ ಪ್ರೈಮ್', ಕನ್ನಡದಲ್ಲಿ ಏನಂತ ಕರೆಯೋಣ? ನಾನು 'ಸಂಭಾವ್ಯ ಅವಿಭಾಜ್ಯ' ಎಂದು ಬರೆದಿದ್ದೆ. ಏಳನೇ ಕ್ಲಾಸಿನ ಹುಡುಗಿ ಓದಿ, "ಟೀಚರ್, ಇದು ಭಟ್ರಿಗೆ ಕೊಡುವ ಸಂಭಾವನೆಯಾ?" ಎಂದು ಕೇಳಿದಳು. ಅವಳ ತಪ್ಪಲ್ಲ. ಮಲಯಾಳದಲ್ಲೂ ಸಂಭಾವನ ಅಂದರೆ ದೇಣಿಗೆಯೇ.

ಹೊಸೂರಿನಿಂದ:
ಮೊದಲು 'ಅವಿಭಾಜ್ಯ'ವನ್ನೇ ಬಿಡಿ. ಇಲ್ಲಿ ತಮಿಳು ಮಕ್ಕಳು 'ಪಗಾ ಎಣ್' ಎನ್ನುತ್ತಾರೆ. ಪಗು ಅಂದರೆ ಒಡೆದು ಭಾಗವಾಗು. ನಮ್ಮ ಹಂಚು, ಪಾಲು ಅದೇ ಬೇರಿನವು. ಹಳಗನ್ನಡದ 'ಪಂಚು' ನೋಡಿ. ಹಾಗಿರುವಾಗ 'ಪಾಲಾಗದ ಎಣಿ' ಎನ್ನಲು ಏನಡ್ಡಿ?

ಅಕ್ಕಲಕೋಟೆಯಿಂದ:
ಕೇಳಿದ್ದು ಅದಲ್ಲ. ಪ್ರೈಮಿಗೆ ಪದ ಇದೆ, ಮಕ್ಕಳಿಗೆ ಗೊತ್ತಿದೆ. ಮರಾಠಿಯವರು 'ಮೂಳ ಸಂಖ್ಯಾ' ಎನ್ನುತ್ತಾರೆ, ತೆಲುಗಿನವರು 'ಪ್ರಧಾನ ಸಂಖ್ಯ'. ಪಕ್ಕದವರದ್ದು ನೋಡಿ ನಮ್ಮದನ್ನು ಬದಲಿಸುತ್ತಾ ಹೋದರೆ ಯಾವ ಪದವೂ ನಿಲ್ಲುವುದಿಲ್ಲ. 'ಸಂಭಾವ್ಯ'ವೇ ಸರಿ. ಸಂಭಾವ್ಯ ಅಭ್ಯರ್ಥಿ ಎಂದು ಪೇಪರಿನಲ್ಲಿ ಬರುತ್ತದಲ್ವಾ?

ಹೊಸೂರಿನಿಂದ:
ಪೇಪರಿನವರು ಬರೆದರೆ ಮಗುವಿಗೆ ಅರ್ಥವಾದಂತಾಯಿತೇ? ಒಂದು ಎರವಲನ್ನು ವಿವರಿಸಲು ಇನ್ನೊಂದು ಎರವಲು. ಇದನ್ನು ನಾನು ಒಪ್ಪುವುದಿಲ್ಲ.

ಅಕ್ಕಲಕೋಟೆಯಿಂದ:
'ಬೋರ್ಡ್' ಕೂಡ ಎರವಲೇ. ನಾನು ಇಷ್ಟಕ್ಕೇ ನಿಲ್ಲಿಸುತ್ತೇನೆ.

ಕುಂಬಳೆಯಿಂದ:
ಇಬ್ಬರಿಗೂ ಧನ್ಯವಾದ. ಹಂಚು-ಪಾಲು ನಂಟನ್ನು ಕ್ಲಾಸಿನಲ್ಲಿ ಹೇಳುತ್ತೇನೆ, ಅದು ನನಗೆ ಗೊತ್ತಿರಲಿಲ್ಲ. ಆದರೆ ಬೋರ್ಡಿಗೆ ಬೇಕಾದದ್ದು ಅನುಮಾನ ತೋರಿಸುವ ಪದ. ಇವತ್ತು ಮಕ್ಕಳ ಜೊತೆ 341 ತೆಗೆದುಕೊಂಡೆ. ಸಂಖ್ಯೆ ಅವಿಭಾಜ್ಯವಾಗಿದ್ದರೆ, ಅಷ್ಟು ಎರಡುಗಳನ್ನು ಗುಣಿಸಿ ಆ ಸಂಖ್ಯೆಯಿಂದಲೇ ಭಾಗಿಸಿದಾಗ ಶೇಷ 2 ಬರಬೇಕು (2 ಎಂಬ ಅವಿಭಾಜ್ಯವನ್ನು ಬಿಟ್ಟು). 341ಕ್ಕೂ ಶೇಷ 2 ಬರುತ್ತದೆ! ಎಲ್ಲರೂ ಅವಿಭಾಜ್ಯ ಎಂದು ಕೂಗಿದರು. ಹಿಂದಿನ ಬೆಂಚಿನ ಹುಡುಗ ಸುಮ್ನೆ ಹನ್ನೊಂದರ ಮಗ್ಗಿ ಮುಂದುವರಿಸುತ್ತಾ ಹೋದ. 11 × 31 = 341. ಪರೀಕ್ಷೆಯಲ್ಲಿ ಪಾಸಾದರೂ ಅದು ಅವಿಭಾಜ್ಯವಲ್ಲ. ಆ ಅನುಮಾನ 'ಸಂಭಾವ್ಯ'ದಲ್ಲಿ ಮಕ್ಕಳಿಗೆ ಕೇಳಿಸುವುದಿಲ್ಲ, 'ಇರಬಹುದು' ಅಂದರೆ ಕೇಳಿಸುತ್ತದೆ. ಹಾಗಾಗಿ 'ಅವಿಭಾಜ್ಯ ಇರಬಹುದಾದ ಸಂಖ್ಯೆ' ಎಂದೇ ಬರೆಸುತ್ತೇನೆ. ಸಾಲು ಉದ್ದವಾಗುತ್ತದೆ, ಅಕ್ಷರ ಸಣ್ಣ ಮಾಡಿದರಾಯಿತು. 341ರ ಕೆಳಗೆ 'ಹುಸಿ ಅವಿಭಾಜ್ಯ' ಹಾಕುತ್ತಿದ್ದೇನೆ. ತಕರಾರಿದ್ದರೆ ರಾತ್ರಿ ಹತ್ತರೊಳಗೆ ಬರೆಯಿರಿ.